ಎಂಬಿಬಿಎಸ್ ಆದ ಮೇಲೆ: ಯಾವ ವಿಭಾಗ, ಯಾವ ಸೀಟು, ಯಾವ ದೇಶ?

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಕಾಸರಗೋಡು ಜಿಲ್ಲೆಯಿಂದ ಬಂದವು. ಎಲ್ಲವೂ ಎಂಬಿಬಿಎಸ್ ನಂತರದ ಸ್ನಾತಕೋತ್ತರ (ಪಿಜಿ) ತರಬೇತಿಗೆ, ಅಂದರೆ ರೆಸಿಡೆನ್ಸಿಗೆ ಸಂಬಂಧಿಸಿದವು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಮಂಗಳೂರಿನ ಕಾಲೇಜೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ರೇಡಿಯಾಲಜಿ ಇಲ್ಲವೇ ಚರ್ಮರೋಗ ವಿಭಾಗವೇ ಆಗಬೇಕೆಂದು ಮನೆಯವರ ಆಸೆ. ನನಗೆ ಮನೋವೈದ್ಯಶಾಸ್ತ್ರ ಹಿಡಿಸಿತು. ಆದರೆ ಅಲ್ಲಿ ನಾನಿದ್ದದ್ದು ಎರಡೇ ವಾರ. ಅಷ್ಟನ್ನು ನಂಬಿ ನಿರ್ಧರಿಸಬಹುದೇ? (ಪೆರ್ಲ)

ಉತ್ತರ: ಎರಡು ವಾರ ಸಾಲದು ಎಂಬ ನಿಮ್ಮ ಅನುಮಾನ ಸರಿಯಾದುದೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ಇಂಟರ್ನ್‌ಶಿಪ್ ನಿಯಮಗಳಲ್ಲಿ ಮನೋವೈದ್ಯಶಾಸ್ತ್ರಕ್ಕೆ ದಕ್ಕಿರುವ ಪಾಲೇ ಅಷ್ಟು. ಆದರೆ ಮನೋರೋಗಿಗಳು ಆ ಒಂದು ವಾರ್ಡಿನಲ್ಲಷ್ಟೇ ಇರುವುದಿಲ್ಲ. ಕುಡಿತ ನಿಲ್ಲಿಸಿದ ಮೂರನೆಯ ದಿನ ಮೆಡಿಸಿನ್ ವಾರ್ಡಿನಲ್ಲಿ ಕೈ ನಡುಗಿಸುತ್ತ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ತೋರಿಸುವ ಗಂಡಸು, ಹೆರಿಗೆ ವಾರ್ಡಿನಲ್ಲಿ ಮಗುವನ್ನು ಎತ್ತಿಕೊಳ್ಳಲು ಒಲ್ಲದ ಬಾಣಂತಿ, ತೋಟದ ಔಷಧಿ ಕುಡಿದು ಕ್ಯಾಶುವಾಲ್ಟಿಗೆ ಬಂದ ಹುಡುಗ, ಇವರೆಲ್ಲರೂ ಇಂಟರ್ನ್‌ಶಿಪ್ಪಿನ ಹನ್ನೆರಡು ತಿಂಗಳಲ್ಲಿ ನಿಮ್ಮ ಕಣ್ಣೆದುರು ಬಂದೇ ಬರುತ್ತಾರೆ. ಅವರ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕುಳಿತಿರೋಣ ಅನ್ನಿಸುತ್ತದೆಯೇ, ಕೇಸ್ ಶೀಟ್ ಬರೆದು ಹೊರಟರೆ ಸಾಕು ಅನ್ನಿಸುತ್ತದೆಯೇ ಎಂಬುದನ್ನು ಗಮನಿಸಿ. ಯಾರೂ ಹೇಳದಿದ್ದರೂ ರೂಮಿಗೆ ಬಂದು ಯಾವ ರೋಗಿಯ ಬಗ್ಗೆ ಪುಸ್ತಕ ತೆರೆದಿರಿ ಎಂಬುದನ್ನು ಒಂದೆರಡು ತಿಂಗಳು ಬರೆದಿಟ್ಟುಕೊಳ್ಳಿ. ವಿಭಾಗದ ಆಯ್ಕೆಗೆ ನಾನು ನಂಬುವ ಸಾಕ್ಷ್ಯ ಇದು.

ಮನೆಯವರು ಹೇಳುವ ವಿಭಾಗಗಳನ್ನೂ ಅಷ್ಟೇ ಪ್ರಾಮಾಣಿಕವಾಗಿ ನೋಡಬೇಕು. ರೇಡಿಯಾಲಜಿಯಲ್ಲಿ ರಾತ್ರಿ ಡ್ಯೂಟಿ ಇಲ್ಲ, ರೋಗಿಯ ರಗಳೆ ಇಲ್ಲ ಎಂಬ ಮಾತು ಹೊರಗಿನವರದು. ಒಂದು ಇಡೀ ದಿನ ಅಲ್ಟ್ರಾಸೌಂಡ್ ಕೋಣೆಯಲ್ಲಿ ಕುಳಿತರೆ, ಒಂದರ ಹಿಂದೊಂದರಂತೆ ಬರುವ ಗರ್ಭಿಣಿಯರು, ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾನೂನಿನಂತೆ ಪ್ರತಿಯೊಬ್ಬರಿಗೂ ಭರ್ತಿ ಮಾಡಬೇಕಾದ ‘ಎಫ್’ ನಮೂನೆ, ಅರ್ಧ ರಾತ್ರಿಯಲ್ಲಿ ಅಪಘಾತದ ರೋಗಿಯ ಸಿಟಿ ವರದಿಗಾಗಿ ಕಾಯುವ ಸರ್ಜನ್, ಇವೆಲ್ಲ ಕಾಣುತ್ತವೆ. ಅದನ್ನು ಕಂಡ ಮೇಲೂ ಆ ಕೆಲಸ ಇಷ್ಟವಾದರೆ ಅದು ಒಳ್ಳೆಯ ವಿಭಾಗವೇ. ವಿಚಾರಿಸುವಾಗ ಎರಡನೆಯ ವರ್ಷದ ಪಿಜಿ ವಿದ್ಯಾರ್ಥಿಗಳನ್ನು ವಿಚಾರಿಸಿ. ಮೊದಲ ವರ್ಷದವರು ದಣಿವಿನಲ್ಲಿರುತ್ತಾರೆ, ಮೂರನೆಯ ವರ್ಷದವರು ಪರೀಕ್ಷೆಯ ಭಯದಲ್ಲಿರುತ್ತಾರೆ.

ನಿಮ್ಮ ಪತ್ರದಲ್ಲಿ ನೀವು ಹೇಳದೆ ಬಿಟ್ಟ ಒಂದು ಅರ್ಹತೆ ನನಗೆ ಕಾಣುತ್ತದೆ. ಸಪ್ತಭಾಷೆಗಳ ನಾಡೆಂದು ಕರೆಸಿಕೊಳ್ಳುವ ಕಾಸರಗೋಡಿನಲ್ಲಿ ಬೆಳೆದ ನಿಮಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತಿರಬೇಕು. ಮಂಗಳೂರಿನ ಹೊರರೋಗಿ ವಿಭಾಗದಲ್ಲಿ ಗಡಿಯಾಚೆಯಿಂದ ಬಂದ ತಾಯಿಯೊಬ್ಬಳು ವೈದ್ಯರೊಡನೆ ಕನ್ನಡದಲ್ಲಿ ತಡವರಿಸಿ, ಮಗಳ ಕಡೆ ತಿರುಗಿ ತುಳುವಿನಲ್ಲಿ ನಿಜವಾದ ಸಂಕಟವನ್ನು ಹೇಳಿಕೊಳ್ಳುವುದನ್ನು ನೀವು ಕಂಡಿರುತ್ತೀರಿ. ಮುರಿದ ಮೂಳೆಗೆ ದುಭಾಷಿಯಿದ್ದರೂ ಚಿಕಿತ್ಸೆ ನಡೆಯುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ರೋಗಿಯ ಮಾತೇ ಪರೀಕ್ಷೆ, ಆ ಮಾತು ಇನ್ನೊಬ್ಬರ ಬಾಯಿಂದ ಬಂದರೆ ಅರ್ಧ ಸೋರಿಹೋಗುತ್ತದೆ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಅದೇ ನಿಮ್ಹಾನ್ಸ್‌ನಲ್ಲಿ ಎಂಡಿ ಮಾಡಲು, ಹೆಚ್ಚಿನ ಪಿಜಿ ಸೀಟುಗಳಿಗೆ ಬರೆಯುವ ನೀಟ್ ಪಿಜಿ ಅಲ್ಲ, ವರ್ಷಕ್ಕೆ ಎರಡು ಬಾರಿ ದೆಹಲಿಯ ಏಮ್ಸ್ ನಡೆಸುವ ಐಎನ್‌ಐ ಸಿಇಟಿ ಬರೆಯಬೇಕು. ಮನಸ್ಸು ಅತ್ತ ವಾಲಿದ್ದರೆ ಆ ಪರೀಕ್ಷೆಯ ಅರ್ಜಿಯ ದಿನಾಂಕಗಳನ್ನು ಈಗಿನಿಂದಲೇ ನೋಡುತ್ತಿರಿ. ನೀಟ್ ಪಿಜಿಯಷ್ಟೇ ತಲೆಯಲ್ಲಿಟ್ಟುಕೊಂಡು ಈ ದಿನಾಂಕವನ್ನು ಕಳೆದುಕೊಳ್ಳುವವರು ಬಹಳ.

ಪ್ರಶ್ನೆ: ನಾನು ಗಡಿನಾಡು ಕನ್ನಡಿಗ ಅರ್ಹತೆಯಡಿ ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಪಡೆದವನು. ಪಿಜಿಗೆ ನನ್ನನ್ನು ಕೇರಳದವನೆನ್ನುತ್ತಾರೋ ಕರ್ನಾಟಕದವನೆನ್ನುತ್ತಾರೋ ಗೊತ್ತಾಗುತ್ತಿಲ್ಲ. ಎರಡೂ ಕಡೆ ಹೊರಗಿನವನಾಗುವ ಭಯವಿದೆ. (ಬದಿಯಡ್ಕ)

ಉತ್ತರ: ಈ ಭಯ ನಿಮ್ಮೊಬ್ಬರದಲ್ಲ. 1956ರ ನವೆಂಬರ್ 1ರಿಂದ ಇಲ್ಲಿನ ಕನ್ನಡದ ಮಕ್ಕಳು ಒಂದಲ್ಲ ಒಂದು ಅರ್ಜಿಯಲ್ಲಿ ಈ ಪ್ರಶ್ನೆಯನ್ನು ಎದುರಿಸುತ್ತಲೇ ಬಂದಿದ್ದಾರೆ. ಆದರೆ ಪಿಜಿಯ ವಿಷಯದಲ್ಲಿ ಗಡಿಯ ತೊಡಕು ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದರ ಕೌನ್ಸೆಲಿಂಗ್ ನಡೆಸುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಎಂದರೆ ಎಂಸಿಸಿ. ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟುಗಳೂ, ಎಂಡಿಗೆ ಸಮಾನವಾದ ಡಿಎನ್‌ಬಿ ಸೀಟುಗಳೂ ಎಂಸಿಸಿಯ ಮೂಲಕವೇ ಹಂಚಿಕೆಯಾಗುತ್ತವೆ. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಐಎನ್‌ಐ ಸಿಇಟಿಯ ಅಡಿಯಲ್ಲಿ ಬರುತ್ತವೆ. ಈ ಯಾವ ದಾರಿಯಲ್ಲೂ ನೀವು ತಲಪಾಡಿಯ ಆಚೆಯವರೋ ಈಚೆಯವರೋ ಎಂದು ಯಾರೂ ಕೇಳುವುದಿಲ್ಲ. ಗಡಿ ಲೆಕ್ಕಕ್ಕೆ ಬರುವುದು ರಾಜ್ಯ ಕೋಟಾದಲ್ಲಿ ಮಾತ್ರ, ಅದನ್ನು ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರವೂ ಕೇರಳದಲ್ಲಿ ಪ್ರವೇಶ ಪರೀಕ್ಷಾ ಆಯುಕ್ತರೂ ನಡೆಸುತ್ತಾರೆ.

ಅಲ್ಲಿಯೂ ಕಾನೂನು ಬದಲಾಗಿದೆ. 2025ರ ಜನವರಿ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ತನ್ವಿ ಬೆಹ್ಲ್ ಪ್ರಕರಣದಲ್ಲಿ, ಪಿಜಿ ವೈದ್ಯಕೀಯ ಸೀಟುಗಳಿಗೆ ವಾಸಸ್ಥಳವನ್ನು ಆಧರಿಸಿದ ಮೀಸಲಾತಿ ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಎಂಬಿಬಿಎಸ್ ಹಂತದಲ್ಲಿ ಸ್ವಲ್ಪ ಮಟ್ಟಿಗೆ ಅಂಥ ಮೀಸಲಾತಿ ಇರಬಹುದು, ತಜ್ಞರನ್ನು ರೂಪಿಸುವ ಹಂತದಲ್ಲಿ ಸಲ್ಲದು ಎಂಬ ಈ ನಿಲುವಿನ ಬೇರು 1984ರ ಪ್ರದೀಪ್ ಜೈನ್ ತೀರ್ಪಿನಲ್ಲಿದೆ. ಆದರೆ ಅದೇ ಸಂಸ್ಥೆಗಳಲ್ಲಿ ಎಂಬಿಬಿಎಸ್ ಮಾಡಿದವರಿಗೆ ಮಿತವಾದ ಆದ್ಯತೆ ಕೊಡುವುದನ್ನು ನ್ಯಾಯಾಲಯ ತಡೆದಿಲ್ಲ. ಆದ್ದರಿಂದ ನಿಮ್ಮ ಮಟ್ಟಿಗೆ, ಮನೆ ಎಲ್ಲಿದೆ ಎಂಬುದಕ್ಕಿಂತ ಎಂಬಿಬಿಎಸ್ ಎಲ್ಲಿ ಮಾಡಿದಿರಿ ಎಂಬುದಕ್ಕೆ ಈಗ ಹೆಚ್ಚು ಬೆಲೆ. ಎಂಬಿಬಿಎಸ್ ಪ್ರವೇಶದ ಹೊತ್ತಿನ ಗಡಿನಾಡು ಪ್ರಮಾಣಪತ್ರ ಪಿಜಿಗೆ ತಾನಾಗಿಯೇ ಅನ್ವಯಿಸುತ್ತದೆಂದು ಮಾತ್ರ ಭಾವಿಸಬೇಡಿ. ನೀವು ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯ ಅರ್ಹತೆಯ ಅಧ್ಯಾಯವನ್ನು ಎರಡೂ ರಾಜ್ಯಗಳದ್ದೂ ಸ್ವತಃ ಓದಿ, ಸೀನಿಯರ್ ಹೇಳಿದ ಹಿಂದಿನ ವರ್ಷದ ನಿಯಮವನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ವಿಷಯದಲ್ಲಿ ನಮ್ಮ ಕಡೆಯವರು ಪದೇ ಪದೇ ಎಡವುತ್ತಾರೆ. ಕೇರಳದಲ್ಲಿ ಪಡೆದ ಜಾತಿ ಪ್ರಮಾಣಪತ್ರದಿಂದ ಕರ್ನಾಟಕದ ರಾಜ್ಯ ಕೋಟಾದಲ್ಲಿ ಮೀಸಲಾತಿ ಕೇಳಲಾಗದು. ಆದರೆ ಅಖಿಲ ಭಾರತ ಕೋಟಾದಲ್ಲಿ ಪರಿಶಿಷ್ಟರಿಗೂ, ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗದವರಿಗೂ ಅದು ಸಲ್ಲುತ್ತದೆ. ಹಿಂದುಳಿದ ವರ್ಗದವರ ಕೆನೆಪದರ ರಹಿತ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು, ರಾಜ್ಯದ ನಮೂನೆ ತಂದವರು ಪರಿಶೀಲನೆಯ ಮೇಜಿನಿಂದ ವಾಪಸಾಗುತ್ತಾರೆ. ಫಲಿತಾಂಶ ಬಂದ ಮೇಲೆ ವಿಲ್ಲೇಜ್ ಆಫೀಸಿಗೂ ತಾಲೂಕು ಕಚೇರಿಗೂ ಓಡಾಡುವ ಬದಲು ಪರೀಕ್ಷೆಗೆ ಮೊದಲೇ ಅದನ್ನು ಮಾಡಿಸಿಕೊಳ್ಳಿ.

ಆಯ್ಕೆಗಳ ಪಟ್ಟಿ ತುಂಬುವಾಗ ‘ನನ್ನ ರ‍್ಯಾಂಕಿಗೆ ಇದು ಸಿಗಲಾರದು’ ಎಂದು ನಿಮಗೆ ಬೇಕಾದುದನ್ನು ಕೆಳಗೆ ಹಾಕಬೇಡಿ. ಮೇಲಿನ ಆಯ್ಕೆ ಸಿಗದಿದ್ದ ಮಾತ್ರಕ್ಕೆ ಕೆಳಗಿನ ಆಯ್ಕೆಯಲ್ಲಿ ನಿಮ್ಮ ಸರದಿ ಹಿಂದೆ ಬೀಳುವುದಿಲ್ಲ. ಆದರೆ ಸಿಕ್ಕರೂ ಸೇರಲಾರೆನೆಂಬ ಸೀಟನ್ನು ಪಟ್ಟಿಗೆ ಸೇರಿಸಲೇಬೇಡಿ. ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟನ್ನು ಸೇರದೆ ಬಿಡಬಹುದು, ಮುಂದಿನ ಸುತ್ತುಗಳಲ್ಲಿ ಹಾಗೆ ಬಿಟ್ಟರೆ ಠೇವಣಿ ಹೋಗುತ್ತದೆ, ಕೊನೆಯ ಸುತ್ತಿನಲ್ಲಿ ಬಿಟ್ಟವರು ಮುಂದಿನ ಪ್ರವೇಶದಿಂದಲೂ ಹೊರಗುಳಿಯಬೇಕಾಗಬಹುದು.

ಪ್ರಶ್ನೆ: ಮೂರನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿ. ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುವ ಆಸೆಯಿದೆ. ಅರ್ಜಿಯ ಕೆಲಸವನ್ನೆಲ್ಲ, ಪರ್ಸನಲ್ ಸ್ಟೇಟ್‌ಮೆಂಟ್ ಬರೆದುಕೊಡುವುದೂ ಸೇರಿ, ಒಂದು ಏಜೆನ್ಸಿ ದೊಡ್ಡ ಮೊತ್ತಕ್ಕೆ ವಹಿಸಿಕೊಳ್ಳುತ್ತದೆ. ಕೊಡಬಹುದೇ? ನಮ್ಮೂರಿನ ಎಂಡೋಸಲ್ಫಾನ್ ವಿಷಯ ಬರೆದರೆ ಅರ್ಜಿಗೆ ತೂಕ ಬರುತ್ತದೆಂದೂ ಅವರು ಹೇಳಿದರು. (ಎಣ್ಮಕಜೆ)

ಉತ್ತರ: ಹಣ ಕೊಡಬೇಡಿ. ಯಾಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ದಾರಿ ಹೀಗಿದೆ. ಅಮೆರಿಕದ ವೈದ್ಯಕೀಯ ಪರವಾನಗಿಗಾಗಿರುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಮೊದಲ ಹಂತವನ್ನು, ಎರಡನೆಯ ಹಂತದ ಸಿಕೆ ಪರೀಕ್ಷೆಯನ್ನು, ವೈದ್ಯಕೀಯ ಇಂಗ್ಲಿಷಿನ ಒಇಟಿಯನ್ನು ಮುಗಿಸಿ, ವಿದೇಶಿ ವೈದ್ಯ ಪದವೀಧರರ ಅರ್ಹತೆ ಪರಿಶೀಲಿಸುವ ಇಸಿಎಫ್‌ಎಂಜಿಯ ಪ್ರಮಾಣಪತ್ರ ಪಡೆಯಬೇಕು. 2022ರ ಜನವರಿ ಕೊನೆಯಿಂದ ಮೊದಲ ಹಂತದಲ್ಲಿ ಅಂಕವಿಲ್ಲ, ತೇರ್ಗಡೆ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಾರೆ. ಹಾಗಾಗಿ ಅಂಕದ ಭಾರವೆಲ್ಲ ಎರಡನೆಯ ಹಂತಕ್ಕೆ ಸರಿದಿದೆ. ಮೊದಲ ಹಂತವನ್ನು ಬೆಂಗಳೂರಿನಲ್ಲೇ ಬರೆಯಬಹುದು, ಆದರೆ ತಯಾರಿ ಸಾಲದೆ ಬರೆದು ಒಮ್ಮೆ ಅನುತ್ತೀರ್ಣರಾದರೆ ಆ ದಾಖಲೆ ಅಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಇರಾಸ್ ಎಂಬ ವ್ಯವಸ್ಥೆಯ ಮೂಲಕ ಅರ್ಜಿಗಳು ಹೋಗುತ್ತವೆ, ಚಳಿಗಾಲದಲ್ಲಿ ಸಂದರ್ಶನಗಳು ನಡೆಯುತ್ತವೆ, ಮಾರ್ಚ್ ತಿಂಗಳ ಮೂರನೆಯ ವಾರ ಅರ್ಜಿದಾರರನ್ನು ಆಸ್ಪತ್ರೆಗಳೊಡನೆ ಜೋಡಿಸುವ ಎನ್‌ಆರ್‌ಎಂಪಿಯ ‘ಮ್ಯಾಚ್’ ಫಲಿತಾಂಶ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ, ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ನೂರಕ್ಕೆ ಅರವತ್ತರ ಆಸುಪಾಸಿನವರಿಗೆ ಮಾತ್ರ ಸ್ಥಾನ ದೊರೆತಿದೆ. ಅದರಲ್ಲೂ ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗ, ಪೆಥಾಲಜಿಗಳಲ್ಲಿ ನಮ್ಮವರಿಗೆ ಬಾಗಿಲು ತೆರೆದಿರುವಷ್ಟು ಚರ್ಮರೋಗ, ಮೂಳೆ ಶಸ್ತ್ರಚಿಕಿತ್ಸೆ, ನ್ಯೂರೋಸರ್ಜರಿಗಳಲ್ಲಿ ತೆರೆದಿಲ್ಲ. ಬಹುಪಾಲಿನವರು ಹೋಗುವ ಜೆ-1 ವೀಸಾದಲ್ಲಿ, ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆದು ಅಲ್ಲಿಯ ವೈದ್ಯರ ಕೊರತೆಯ ಊರಿನಲ್ಲಿ ಮೂರು ವರ್ಷ ದುಡಿಯಬೇಕು. ಮನೆಯವರೊಂದಿಗೆ ಇದನ್ನು ಈಗಲೇ ಮಾತಾಡಿ.

ಏಜೆನ್ಸಿ ಈ ಪೈಕಿ ಯಾವುದನ್ನು ಮಾಡಿಕೊಡಬಲ್ಲದು? ಪರೀಕ್ಷೆ ಬರೆಯಲಾರದು. ಶಿಫಾರಸು ಪತ್ರ ತರಲಾರದು. ಡೀನ್ ಕಚೇರಿಯಿಂದ ಹೋಗಬೇಕಾದ ವಿದ್ಯಾರ್ಥಿ ಮೌಲ್ಯಮಾಪನ ಪತ್ರವನ್ನು ಮುಟ್ಟಲಾರದು. ಅದು ಮಾಡುವುದು ಫಾರ್ಮ್ ತುಂಬುವ ಕೆಲಸ ಮತ್ತು ನಿಮ್ಮ ಹೆಸರಿನಲ್ಲಿ ನಿಮ್ಮದಲ್ಲದ ಪರ್ಸನಲ್ ಸ್ಟೇಟ್‌ಮೆಂಟ್ ಬರೆಯುವ ಕೆಲಸ. ಮೊದಲನೆಯದನ್ನು ಒಂದು ಭಾನುವಾರದಲ್ಲಿ ನೀವೇ ಕಲಿಯಬಹುದು. ಎರಡನೆಯದು ತಪ್ಪು, ಅಪಾಯವೂ ಹೌದು: ಅರ್ಜಿ ಸಲ್ಲಿಸುವಾಗ ಬರಹ ನನ್ನದೇ ಎಂದು ನೀವು ದೃಢೀಕರಿಸುತ್ತೀರಿ, ಸಂದರ್ಶನದಲ್ಲಿ ಅದೇ ಬರಹದ ಒಂದೊಂದು ಸಾಲನ್ನು ಹಿಡಿದು ಕೇಳುತ್ತಾರೆ.

ಎಂಡೋಸಲ್ಫಾನ್ ವಿಷಯದಲ್ಲಿ ಅವರು ಕೊಟ್ಟ ಸಲಹೆ ನನಗೆ ನೋವುಂಟುಮಾಡಿತು. ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆಯೊಡ್ಡಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಮಕ್ಕಳ ಸಂಕಟ ಯಾರ ಅರ್ಜಿಗೂ ಅಲಂಕಾರವಾಗಬಾರದು. ಆದರೆ ನೀವು ನಿಜವಾಗಿ ಅಲ್ಲಿ ಏನಾದರೂ ಮಾಡಿದ್ದರೆ ಅದನ್ನು ಖಂಡಿತ ಬರೆಯಿರಿ. ವೈದ್ಯಕೀಯ ಶಿಬಿರದಲ್ಲಿ ನೋಂದಣಿ ಪುಸ್ತಕ ಹಿಡಿದು ಕುಳಿತಿದ್ದಿರಾ? ಹದಿನೆಂಟು ದಾಟಿದರೂ ತಾಯಿಯೇ ಎತ್ತಿಕೊಂಡು ತಂದ ಮಗನ ಫಿಟ್ಸ್ ಮಾತ್ರೆ ತಿಂಗಳ ಕೊನೆಗೆ ಯಾಕೆ ತಪ್ಪಿಹೋಗುತ್ತದೆಂದು ಆಕೆಯ ಬಾಯಿಂದಲೇ ಕೇಳಿ ತಿಳಿದಿರಾ? ಆಮೇಲೆ ಅದಕ್ಕೆ ಏನು ಮಾಡಿದಿರಿ, ಏನು ಮಾಡಲಾಗಲಿಲ್ಲ? ಇದಿಷ್ಟನ್ನು ನೇರವಾಗಿ ಹತ್ತು ಸಾಲಿನಲ್ಲಿ ಬರೆದರೆ, ‘ಬಾಲ್ಯದಿಂದಲೇ ಮಾನವಸೇವೆಯ ಕನಸು ಕಂಡೆ’ ಎಂದು ಶುರುವಾಗುವ ಎರಡು ಪುಟಕ್ಕಿಂತ ಓದುವವರಿಗೆ ನಿಮ್ಮ ಗುರುತು ಚೆನ್ನಾಗಿ ಸಿಗುತ್ತದೆ. ಒಂದು ಪುಟ ಮೀರಬೇಡಿ. ಅರ್ಜಿಯಲ್ಲಿ ಅನುಭವಗಳಿಗೆ ಇರುವ ಜಾಗ ಹತ್ತೇ, ಅವುಗಳಲ್ಲಿ ಮೂರನ್ನು ಮುಖ್ಯವೆಂದು ಗುರುತಿಸಲು ಹೇಳುತ್ತಾರೆ. ಅರ್ಧ ದಿನದ ವಿಚಾರಸಂಕಿರಣಗಳಿಂದ ಅವನ್ನು ತುಂಬಬೇಡಿ.

ಶಿಫಾರಸು ಪತ್ರದ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಒಂದು ಕೆಟ್ಟ ರೂಢಿಯಿದೆ. ಪ್ರಾಧ್ಯಾಪಕರು ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎನ್ನುತ್ತಾರೆ. ವಿನಯದಿಂದ ಬೇಡವೆನ್ನಿ, ಬದಲಿಗೆ ಅವರ ಕೈಕೆಳಗೆ ನೀವು ನೋಡಿದ ರೋಗಿಗಳ, ಮಾಡಿದ ಪ್ರೆಸೆಂಟೇಶನ್‌ಗಳ ಒಂದು ಪುಟದ ಟಿಪ್ಪಣಿ ಕೊಡಿ. ಒಬ್ಬರೇ ಬರೆದಂತಿರುವ ಮೂರು ಹೊಗಳಿಕೆಗಳು ಅರ್ಜಿಯನ್ನು ಕೆಡಿಸುತ್ತವೆ. ಆ ದೇಶದ ಆಸ್ಪತ್ರೆಯಲ್ಲಿ ನಿಮ್ಮ ಕೆಲಸ ಕಂಡವರ ಪತ್ರಕ್ಕೆ ಹೆಚ್ಚು ಬೆಲೆಯಿರುವುದು ನಿಜ. ಅಂತಿಮ ವರ್ಷದ ಇಲೆಕ್ಟಿವ್ ಅಥವಾ ಆಮೇಲಿನ ಅಬ್ಸರ್ವರ್‌ಶಿಪ್ಪಿಗಾಗಿ, ಏಜೆನ್ಸಿಗೆ ಕೊಡಬೇಕೆಂದಿದ್ದ ಹಣವನ್ನು ಉಳಿಸಿಕೊಳ್ಳಿ.

ಹೆಸರಿನ ವಿಷಯವನ್ನು ಇವತ್ತೇ ನೋಡಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಮನೆತನದ ಹೆಸರು ಬರೀ ಇನಿಶಿಯಲ್ ಆಗಿ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು, ಕಾಲೇಜಿನ ದಾಖಲೆಯಲ್ಲಿ ತಂದೆಯ ಹೆಸರು ಸೇರಿಕೊಂಡು ಮೂರು ಬಗೆಯಾಗಿರುವುದು ನಮ್ಮ ಊರಿನಲ್ಲಿ ಸಾಮಾನ್ಯ. ಇಸಿಎಫ್‌ಎಂಜಿ ನಿಮ್ಮ ಪದವಿಪತ್ರವನ್ನು ಕಾಲೇಜಿನಿಂದಲೇ ನೇರವಾಗಿ ಪರಿಶೀಲಿಸುತ್ತದೆ, ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರಿಗೂ ಪರೀಕ್ಷೆಯ ಪ್ರವೇಶಪತ್ರದ ಹೆಸರಿಗೂ ತಾಳೆಯಾಗಬೇಕು. ಮೂರನೆಯ ವರ್ಷದಲ್ಲಿರುವಾಗ ಇದನ್ನು ಸರಿಪಡಿಸುವುದು ಸುಲಭ.

ಪ್ರಶ್ನೆ: ಮಗನಿಗೆ ನೀಟ್ ಪಿಜಿಯಲ್ಲಿ ಅರ್ಹತೆ ಬಂದಿದೆ, ರ‍್ಯಾಂಕ್ ದೂರವಿದೆ. ಅಡಿಕೆ ತೋಟ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳೋಣವೇ, ಇನ್ನೊಂದು ವರ್ಷ ಓದಿಸೋಣವೇ? (ಮುಳ್ಳೇರಿಯ)

ಉತ್ತರ: ತೋಟ ಅಡವಿಡಬೇಡಿ. ಅರ್ಹತೆ ಎಂಬುದನ್ನು ಸೀಟಿನ ಭರವಸೆ ಎಂದು ತಿಳಿಯಬಾರದು. 2023ರಲ್ಲಿ ಸೀಟು ಖಾಲಿ ಉಳಿದವೆಂದು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಿದ್ದರು. ಖಾಸಗಿ ಸೀಟಿನ ಶುಲ್ಕ ಮೂರು ವರ್ಷವೂ ಕಟ್ಟಬೇಕಾದದ್ದು, ನಡುವೆ ಬಿಟ್ಟರೆ ಬಾಂಡಿನ ಮೊತ್ತ ಬೇರೆ. ಸಾಲದ ಕಂತಿಗಾಗಿ ರೋಗಿಗೆ ಬೇಡದ ಪರೀಕ್ಷೆಗಳನ್ನು ಬರೆದುಕೊಡುವ ವೈದ್ಯನಾಗುವ ಒತ್ತಡಕ್ಕೆ ಮಗನನ್ನು ಒಡ್ಡಬಾರದು ಎಂಬುದೂ ನನ್ನ ಮನಸ್ಸಿನಲ್ಲಿದೆ.

ಇನ್ನೊಂದು ವರ್ಷ ಎಂದರೆ ಕೋಣೆಯಲ್ಲಿ ಬೀಗ ಹಾಕಿ ಓದಿಸುವುದಲ್ಲ. ಆಸ್ಪತ್ರೆಯಲ್ಲಿ ಅರ್ಧ ದಿನ ಕೆಲಸ ಮಾಡುತ್ತ ಓದಿದವರು ಸೋತದ್ದಕ್ಕಿಂತ ಗೆದ್ದದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ಸರ್ಕಾರಿ ಸೇವೆಗೆ ಸೇರುವ ಅವಕಾಶ ಬಂದರೆ ಬಿಡಬೇಡಿ. ಸೇವೆಯಲ್ಲಿರುವ ವೈದ್ಯರಿಗೆ ಪಿಜಿಯಲ್ಲಿ ಪ್ರತ್ಯೇಕ ಪಾಲು ಕೊಡುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮಗನಿಗೆ ಯಾವ ವಿಭಾಗ ಬೇಕೆಂಬುದನ್ನು ನಿಮ್ಮ ಪತ್ರ ಹೇಳುವುದಿಲ್ಲ. ಅವನನ್ನು ಕೇಳಿ.

ಪ್ರಶ್ನೆ: ಎಂಡಿಗಿಂತ ಡಿಎನ್‌ಬಿ ಕಡಿಮೆಯೇ? (ಹೊಸಂಗಡಿ)

ಉತ್ತರ: ಅಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಕಾನೂನಿನ ಪ್ರಕಾರ ಎಂಡಿ, ಎಂಎಸ್‌ಗೆ ಸಮಾನ. ಎಂಬಿಬಿಎಸ್ ನಂತರ ಮೂರು ವರ್ಷ, ಪ್ರಬಂಧವೂ ಕಡ್ಡಾಯ. ನೋಡಬೇಕಾದದ್ದು ಆಸ್ಪತ್ರೆಯನ್ನು: ರೋಗಿಗಳು ಎಷ್ಟು, ಆಪರೇಷನ್ ಥಿಯೇಟರಿನಲ್ಲಿ ಪಿಜಿಯ ಕೈಗೆ ಕತ್ತರಿ ಬರುತ್ತದೆಯೋ ಅಥವಾ ರಿಟ್ರ್ಯಾಕ್ಟರ್ ಹಿಡಿದೇ ಮೂರು ವರ್ಷ ಕಳೆಯುತ್ತದೆಯೋ, ವಾರಕ್ಕೊಮ್ಮೆಯಾದರೂ ಪಾಠ ನಡೆಯುತ್ತದೆಯೋ, ಹಿಂದಿನ ತಂಡದವರು ಅಂತಿಮ ಪರೀಕ್ಷೆಯಲ್ಲಿ ಮೊದಲ ಸಲವೇ ತೇರ್ಗಡೆಯಾದರೋ. ಪಟ್ಟಿ ತುಂಬುವ ಮೊದಲು ಒಂದು ದಿನ ಆ ಆಸ್ಪತ್ರೆಗೆ ಹೋಗಿ, ಕ್ಯಾಂಟೀನಿನಲ್ಲಿ ಅಲ್ಲಿಯ ಪಿಜಿ ವಿದ್ಯಾರ್ಥಿಯೊಡನೆ ಕುಳಿತು ಇವನ್ನೆಲ್ಲ ಕೇಳಿಕೊಂಡು ಬನ್ನಿ.